ಐದರಲ್ಲಿ ಮೂರು

1981ರ ಏಪ್ರಿಲ್ 10, ಶುಕ್ರವಾರ. ಅಮೆರಿಕದ ಫ್ಲೋರಿಡಾ ಕರಾವಳಿಯ ಕೆನೆಡಿ ಬಾಹ್ಯಾಕಾಶ ಕೇಂದ್ರದಲ್ಲಿ ಕೊಲಂಬಿಯಾ ಎಂಬ ನೌಕೆ ತನ್ನ ಮೊದಲ ಹಾರಾಟಕ್ಕೆ ಸಿದ್ಧವಾಗಿ ನಿಂತಿತ್ತು. ಜಾನ್ ಯಂಗ್ ಮತ್ತು ರಾಬರ್ಟ್ ಕ್ರಿಪೆನ್ ಎಂಬ ಇಬ್ಬರು ಗಗನಯಾತ್ರಿಗಳು ಒಳಗೆ ಬೆಲ್ಟು ಬಿಗಿದುಕೊಂಡು, ಮುಖ ಆಕಾಶದ ಕಡೆ ಮಾಡಿ ಕಾಯುತ್ತಿದ್ದರು. ಹಾರುವುದಕ್ಕೆ ಇನ್ನು ಸುಮಾರು ಇಪ್ಪತ್ತು ನಿಮಿಷ ಇದೆ ಎನ್ನುವಾಗ ಎಣಿಕೆ ನಿಂತುಹೋಯಿತು. ಎಂಜಿನ್ ಸರಿಯಾಗಿತ್ತು, ಇಂಧನವೂ ತುಂಬಿತ್ತು. ನೌಕೆಯಲ್ಲಿದ್ದ ಐದು ಕಂಪ್ಯೂಟರುಗಳಲ್ಲಿ ಐದನೆಯದು ಉಳಿದ ನಾಲ್ಕರ ಜೊತೆ ಸೇರುವುದಕ್ಕೇ ಒಪ್ಪಲಿಲ್ಲ. ಅಂದಿನ ಹಾರಾಟ ರದ್ದಾಯಿತು.

ಮಕ್ಕಳೇ, ಒಂದು ನೌಕೆಗೆ ಐದು ಕಂಪ್ಯೂಟರ್ ಯಾತಕ್ಕೆ ಎಂದು ನೀವು ಕೇಳಬಹುದು. ಕಂಪ್ಯೂಟರ್ ಕೆಡುತ್ತದೆ, ಅದಕ್ಕೇ. ಶಾಲೆಯ ಕಂಪ್ಯೂಟರ್ ಹ್ಯಾಂಗ್ ಆದರೆ ಆಫ್ ಮಾಡಿ ಆನ್ ಮಾಡಿದರಾಯಿತು. ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿ ಭೂಮಿಯನ್ನು ಸುತ್ತುವ ನೌಕೆಗೆ ಅಷ್ಟು ಪುರುಸೊತ್ತು ಎಲ್ಲಿಂದ ಬರಬೇಕು? ಅದರ ಎಂಜಿನ್ನು, ರೆಕ್ಕೆಯ ಪಟ್ಟಿಗಳು, ಬಾಲ ಎಲ್ಲವೂ ಕಂಪ್ಯೂಟರ್ ಹೇಳಿದಂತೆ ಅಲುಗಬೇಕು. ಹಾಗಾಗಿ ನಾಲ್ಕು ಕಂಪ್ಯೂಟರುಗಳಿಗೆ ಒಂದೇ ಪ್ರೋಗ್ರಾಂ ಕೊಟ್ಟು, ಒಂದೇ ಲೆಕ್ಕವನ್ನು ಒಂದೇ ಹೊತ್ತಿಗೆ ಮಾಡಿಸುತ್ತಿದ್ದರು. ಆ ಪ್ರೋಗ್ರಾಮಿನಲ್ಲೇ ತಪ್ಪಿದ್ದರೆ ನಾಲ್ಕೂ ಒಟ್ಟಿಗೇ ತಪ್ಪುತ್ತವಲ್ಲ! ಆ ಭಯಕ್ಕೆ ಬೇರೆ ತಂಡದವರಿಂದ ಬೇರೆಯೇ ಪ್ರೋಗ್ರಾಂ ಬರೆಸಿ, ಐದನೆಯ ಕಂಪ್ಯೂಟರಿಗೆ ಹಾಕಿ, ಪಕ್ಕದಲ್ಲಿ ಸಿದ್ಧವಾಗಿ ಇಟ್ಟಿದ್ದರು.

ಗಗನಯಾತ್ರಿಗಳ ತಲೆಯ ಮೇಲಿನ ಫಲಕದಲ್ಲಿ ಒಂದು ಪುಟ್ಟ ದೀಪಗಳ ಚೌಕವಿತ್ತು. ಅಡ್ಡಕ್ಕೆ ಐದು, ಉದ್ದಕ್ಕೆ ಐದು, ಒಟ್ಟು 25 ದೀಪ. ಎರಡನೆಯ ಕಂಪ್ಯೂಟರಿನ ಉತ್ತರ ಸರಿಯಿಲ್ಲ ಎಂದು ಮೂರನೆಯದಕ್ಕೆ ಕಂಡರೆ, ಅವೆರಡರ ಸಾಲುಗಳು ಕೂಡುವ ಮನೆಯಲ್ಲಿ ಬಿಳಿ ದೀಪ ಹತ್ತುತ್ತಿತ್ತು. ತನ್ನಲ್ಲೇ ಏನೋ ಕೆಟ್ಟಿದೆ ಎಂದು ಒಂದು ಕಂಪ್ಯೂಟರಿಗೆ ಗೊತ್ತಾದರೆ ಅದರ ಮನೆಯಲ್ಲಿ ಹಳದಿ ದೀಪ. ಒಂದೇ ಕಂಪ್ಯೂಟರಿನ ಮೇಲೆ ಮೂರು ಬಿಳಿ ದೀಪ ಹತ್ತಿದರೆ ಗಗನಯಾತ್ರಿಗಳಿಗೆ ಬೇರೆ ವಿವರಣೆ ಬೇಕಿರಲಿಲ್ಲ. ನನಗೆ ಇದಕ್ಕಿಂತ ಚಂದ ಕಾಣುವುದು ರೆಕ್ಕೆಯ ಪಟ್ಟಿಗಳ ಏರ್ಪಾಡು. ಅವುಗಳನ್ನು ಎಣ್ಣೆಯ ಒತ್ತಡದಿಂದ ತಳ್ಳುವ ಯಂತ್ರಕ್ಕೆ ನಾಲ್ಕು ದಾರಿಯಿಂದ ಆಜ್ಞೆ ಬರುತ್ತಿತ್ತು. ಮೂರು ಒಂದು ಕಡೆಗೆ, ನಾಲ್ಕನೆಯದು ಇನ್ನೊಂದು ಕಡೆಗೆ ತಳ್ಳಿದರೆ ಮೂರರ ಬಲವೇ ಗೆಲ್ಲುತ್ತಿತ್ತು. ಮತ ಎಣಿಸುವವರು ಯಾರೂ ಬೇಕಾಗಿರಲಿಲ್ಲ, ಎಣ್ಣೆಯೇ ಎಣಿಸುತ್ತಿತ್ತು.

ಏಪ್ರಿಲ್ 10ರಂದು ಆದದ್ದು ಸಮಯದ ತಕರಾರು. ಮೊದಲು ಆನ್ ಮಾಡಿದ ಕಂಪ್ಯೂಟರ್ ಸಮಯವನ್ನು ಲೆಕ್ಕ ಹಾಕುವಾಗ ಸೆಕೆಂಡಿನ ಒಂದು ಚೂರು ಆಚೀಚೆ ಆಗಿತ್ತು. ನಾಲ್ಕೂ ತಮ್ಮತಮ್ಮಲ್ಲಿ ಹೊಂದಿಕೊಂಡಿದ್ದವು, ಅವಕ್ಕೆ ಏನೂ ತೊಂದರೆ ಕಾಣಲಿಲ್ಲ. ಐದನೆಯದಕ್ಕೆ ಮಾತ್ರ ಕೆಲವು ಮಾಹಿತಿ ಬರಬೇಕಾದ ಗಳಿಗೆಗಿಂತ ಮೊದಲೇ ಬಂದಂತೆ ಕಂಡಿತು. ಹೊತ್ತಲ್ಲದ ಹೊತ್ತಿನಲ್ಲಿ ಬಂದದ್ದನ್ನು ನಂಬಬಾರದು ಎಂದು ಅದಕ್ಕೆ ಕಲಿಸಿದ್ದರು, ಅದು ಕಿವಿ ಮುಚ್ಚಿಕೊಂಡಿತು. ಕಂಪ್ಯೂಟರ್ ಆನ್ ಮಾಡುವಾಗ ಹೀಗಾಗುವ ಸಾಧ್ಯತೆ 67ರಲ್ಲಿ ಒಂದು ಎಂದು ಆಮೇಲೆ ಲೆಕ್ಕ ಹಾಕಿದರು. ಕಂಪ್ಯೂಟರುಗಳನ್ನು ಮತ್ತೆ ಮೊದಲಿನಿಂದ ಶುರು ಮಾಡಿದಾಗ ಐದೂ ಹೊಂದಿಕೊಂಡವು. ಏಪ್ರಿಲ್ 12ರಂದು ಕೊಲಂಬಿಯಾ ಹಾರಿತು. ಮನುಷ್ಯರಲ್ಲಿ ಮೊದಲಿಗನಾಗಿ ಯೂರಿ ಗಗಾರಿನ್ ಬಾಹ್ಯಾಕಾಶಕ್ಕೆ ಹೋಗಿ ಅಂದಿಗೆ ಸರಿಯಾಗಿ 20 ವರ್ಷ.

ಇಂಥದೇ ನೌಕೆಯ ಇನ್ನೊಂದು ಕಥೆ 2008ರದು. ಎಸ್‌ಟಿಎಸ್-124 ಎಂಬ ಹಾರಾಟಕ್ಕೆ ಸಿದ್ಧತೆ ನಡೆದಿತ್ತು. ಇಂಧನ ತುಂಬಿಸುವ ಹೊತ್ತಿನಲ್ಲಿ ನಾಲ್ಕು ಕಂಪ್ಯೂಟರುಗಳಲ್ಲಿ ಒಂದು ಉಳಿದ ಮೂರಕ್ಕಿಂತ ಬೇರೆ ಉತ್ತರ ಕೊಟ್ಟಿತು. ಸರಿ, ನಾಲ್ಕನೆಯದು ಕೆಟ್ಟಿರಬೇಕು ಎಂದುಕೊಳ್ಳುವಷ್ಟರಲ್ಲಿ, ಕೆಲವೇ ಸೆಕೆಂಡುಗಳ ಬಳಿಕ, ಇನ್ನೊಂದೂ ಬೇರೆ ದಾರಿ ಹಿಡಿಯಿತು. ಹುಡುಕಿ ನೋಡಿದರೆ ಕಂಪ್ಯೂಟರುಗಳು ನಾಲ್ಕೂ ಗಟ್ಟಿಮುಟ್ಟಾಗಿಯೇ ಇದ್ದವು! ಅವಕ್ಕೆ ಮಾಹಿತಿ ತಲುಪಿಸುವ ಒಂದು ಪೆಟ್ಟಿಗೆಯೊಳಗಿನ ಡಯೋಡ್ ಎಂಬ ಪುಟಾಣಿ ಬಿಡಿಭಾಗದಲ್ಲಿ ಬಿರುಕು ಬಿಟ್ಟಿತ್ತು. ಒಂದೇ ಸಂಕೇತ ಒಬ್ಬರಿಗೆ ಒಂದು ಥರ, ಇನ್ನೊಬ್ಬರಿಗೆ ಇನ್ನೊಂದು ಥರ ಕೇಳಿಸಿತ್ತು.

ಕಂಪ್ಯೂಟರಿನೊಳಗೆ ಎಲ್ಲವೂ ಸೊನ್ನೆ ಅಥವಾ ಒಂದು. ವಿದ್ಯುತ್ತಿನ ಒತ್ತಡ ಜಾಸ್ತಿ ಇದ್ದರೆ ಒಂದು, ಕಡಿಮೆ ಇದ್ದರೆ ಸೊನ್ನೆ ಎಂದುಕೊಳ್ಳಿ. ಭಾಗ ಕೆಟ್ಟಾಗ ಅದು ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. ಕೇಳುವ ಒಂದು ಕಂಪ್ಯೂಟರ್ ಅದನ್ನು ಒಂದು ಎಂದು ಓದುತ್ತದೆ, ಮತ್ತೊಂದು ಸೊನ್ನೆ ಎಂದು. ಯಂತ್ರಕ್ಕೆ ಸುಳ್ಳು ಹೇಳುವ ಬುದ್ಧಿ ಇಲ್ಲ, ನಿಜ. ಕೇಳುವವರ ಪಾಲಿಗೆ ಅದು ಇಬ್ಬರಿಗೆ ಎರಡು ಮಾತು ಹೇಳುವ ಸುಳ್ಳುಗಾರನ ಹಾಗೆಯೇ ಕಾಣುತ್ತದೆ.

ಈ ಸುಳ್ಳಿನ ಲೆಕ್ಕವನ್ನು ಮೊದಲು ಚೊಕ್ಕವಾಗಿ ಬಿಡಿಸಿದವರು ಮೂವರು: ಮಾರ್ಷಲ್ ಪೀಸ್, ರಾಬರ್ಟ್ ಶೋಸ್ಟಾಕ್ ಮತ್ತು ಲೆಸ್ಲಿ ಲ್ಯಾಂಪೋರ್ಟ್. ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಎಂಬ ಸಂಶೋಧನಾ ಸಂಸ್ಥೆಯಲ್ಲಿ ನಾಸಾಕ್ಕಾಗಿ ವಿಮಾನ ನಡೆಸುವ ಕಂಪ್ಯೂಟರ್ ಕಟ್ಟುವ ಕೆಲಸ ನಡೆದಿತ್ತು. ಅಲ್ಲಿ ಈ ಪ್ರಶ್ನೆ ಎದ್ದಿತು. 1982ರ ತಮ್ಮ ಪ್ರಬಂಧದಲ್ಲಿ ಅವರು ಇದನ್ನು ಒಂದು ಕಥೆ ಮಾಡಿ ಹೇಳಿದರು. ಶತ್ರುವಿನ ಊರನ್ನು ಸುತ್ತುವರಿದು ಸೇನಾಪತಿಗಳು ಬೇರೆ ಬೇರೆ ಕಡೆ ಬೀಡುಬಿಟ್ಟಿದ್ದಾರೆ. ದೂತರ ಮೂಲಕವೇ ಮಾತುಕತೆ. ನುಗ್ಗುವುದಾದರೆ ಎಲ್ಲರೂ ಒಟ್ಟಿಗೆ ನುಗ್ಗಬೇಕು, ಹಿಂದೆ ಸರಿಯುವುದಾದರೆ ಒಟ್ಟಿಗೆ ಸರಿಯಬೇಕು. ಅವರಲ್ಲಿ ಒಬ್ಬ ದ್ರೋಹಿ ಇರಬಹುದು. ಲ್ಯಾಂಪೋರ್ಟ್ ಮೊದಲು ಅಲ್ಬೇನಿಯಾ ದೇಶದ ಸೇನಾಪತಿಗಳು ಎಂದು ಇಟ್ಟಿದ್ದರಂತೆ. ಅಲ್ಬೇನಿಯಾದವರಿಗೆ ಬೇಸರವಾದೀತು ಎಂದು ಸ್ನೇಹಿತರೊಬ್ಬರು ಎಚ್ಚರಿಸಿದ್ದರಿಂದ, ಐನೂರು ವರ್ಷಗಳ ಹಿಂದೆಯೇ ಅಳಿದುಹೋದ ಬೈಜಾಂಟಿಯಂ ಸಾಮ್ರಾಜ್ಯಕ್ಕೆ ಕಥೆಯನ್ನು ಸಾಗಿಸಿದರು. ಇಂದಿಗೂ ಇಂಥ ದೋಷಕ್ಕೆ ಬೈಜಾಂಟೈನ್ ದೋಷ ಎಂದೇ ಹೆಸರು.

ಸೇನಾಪತಿಗಳು ಮೂವರೇ ಆದರೆ ಏನಾಗುತ್ತದೆ ನೋಡಿ. ಹಿರಿಯವನು ದ್ರೋಹಿ. ಅವನು ಒಬ್ಬನಿಗೆ ‘ನುಗ್ಗು’ ಎಂದು ಹೇಳಿ ಕಳಿಸಿದ, ಇನ್ನೊಬ್ಬನಿಗೆ ‘ಹಿಂದೆ ಸರಿ’ ಎಂದ. ಆ ಇಬ್ಬರು ತಮ್ಮಲ್ಲಿ ವಿಚಾರಿಸಿಕೊಳ್ಳುತ್ತಾರೆ. ‘ನನಗೆ ನುಗ್ಗು ಅಂದಿದ್ದಾರೆ’, ‘ಇಲ್ಲಪ್ಪ, ನನಗೆ ಹಿಂದೆ ಸರಿ ಅಂದಿದ್ದಾರೆ’. ಈಗ ಸುಳ್ಳು ಹಿರಿಯನದೋ ಎದುರಿಗಿರುವವನದೋ? ಎಷ್ಟು ಯೋಚಿಸಿದರೂ ಇಬ್ಬರಿಗೂ ಹೇಳಲಾಗುವುದಿಲ್ಲ. ನಾಲ್ವರಿದ್ದು ಅವರಲ್ಲಿ ಒಬ್ಬನೇ ದ್ರೋಹಿಯಾದರೆ ಗಂಟು ಬಿಚ್ಚುತ್ತದೆ. ದ್ರೋಹಿಯಾದ ಹಿರಿಯ ಇಬ್ಬರಿಗೆ ‘ನುಗ್ಗು’, ಒಬ್ಬನಿಗೆ ‘ಹಿಂದೆ ಸರಿ’ ಎಂದ ಎನ್ನಿ. ಮೂವರೂ ತಾವು ಕೇಳಿದ್ದನ್ನು ಹಂಚಿಕೊಂಡಾಗ ಪ್ರತಿಯೊಬ್ಬನ ಕೈಯಲ್ಲೂ ಎರಡು ‘ನುಗ್ಗು’, ಒಂದು ‘ಹಿಂದೆ ಸರಿ’ ಇರುತ್ತದೆ. ಮೂವರೂ ನುಗ್ಗುತ್ತಾರೆ. ಹಿರಿಯ ಒಳ್ಳೆಯವನಾಗಿದ್ದು ಕಿರಿಯನೊಬ್ಬ ದ್ರೋಹಿಯಾದರೂ ಇದೇ ಉಪಾಯ ನಡೆಯುತ್ತದೆ, ಹಾಳೆಯಲ್ಲಿ ಗೆರೆ ಎಳೆದು ಪರೀಕ್ಷಿಸಿ. ಒಬ್ಬ ಸುಳ್ಳುಗಾರನನ್ನು ತಾಳಿಕೊಳ್ಳಬೇಕಾದರೆ ನಾಲ್ವರು ಬೇಕು, ಇಬ್ಬರನ್ನು ತಾಳಿಕೊಳ್ಳಲು ಏಳು ಜನ, ಮೂವರಿಗೆ ಹತ್ತು.

ಸುಳ್ಳು ಹೇಳುವ ಯಂತ್ರ ಅಪರೂಪ. ಸುಮ್ಮನೆ ನಿಂತುಹೋಗುವ ಯಂತ್ರ ಎಲ್ಲೆಲ್ಲೂ ಇದೆ. ಕರೆಂಟ್ ಹೋಗುತ್ತದೆ, ಡಿಸ್ಕ್ ಸಾಯುತ್ತದೆ, ರಸ್ತೆ ಅಗೆಯುವವರು ಕೇಬಲ್ ಕತ್ತರಿಸುತ್ತಾರೆ. ನಮ್ಮ ಹಣ, ಫೋಟೋ, ಟಿಕೆಟ್ಟುಗಳ ಲೆಕ್ಕ ಬರೆದಿಡುವ ಕಂಪ್ಯೂಟರುಗಳಿಗೆ ಸರ್ವರ್ ಎನ್ನುತ್ತಾರೆ. ಒಂದು ಸರ್ವರ್ ಸತ್ತರೆ ಲೆಕ್ಕವೇ ಹೋಗಬಾರದಲ್ಲ, ಅದಕ್ಕೆ ಅದೇ ಲೆಕ್ಕದ ಪ್ರತಿಯನ್ನು ಮೂರು, ಐದು ಸರ್ವರುಗಳಲ್ಲಿ ಇಡುತ್ತಾರೆ. ಪ್ರತಿ ಜಾಸ್ತಿಯಾದಷ್ಟೂ ಇನ್ನೊಂದು ಕಷ್ಟ ಹುಟ್ಟಿಕೊಳ್ಳುತ್ತದೆ. ರೈಲಿನಲ್ಲಿ ಒಂದೇ ಸೀಟು ಉಳಿದಿದೆ ಎಂದುಕೊಳ್ಳಿ. ಹುಬ್ಬಳ್ಳಿಯಿಂದ ಒಬ್ಬರು ಅಜ್ಜಿ, ಕಲಬುರಗಿಯಿಂದ ಒಬ್ಬ ವಿದ್ಯಾರ್ಥಿ ಒಂದೇ ಗಳಿಗೆಗೆ ಆ ಸೀಟು ಕೇಳಿದರು. ಒಂದು ಸರ್ವರ್ ಅಜ್ಜಿಯ ಹೆಸರು ಬರೆದುಕೊಂಡು, ಇನ್ನೊಂದು ವಿದ್ಯಾರ್ಥಿಯ ಹೆಸರು ಬರೆದುಕೊಂಡರೆ ರೈಲಿನಲ್ಲಿ ಜಗಳ ಖಂಡಿತ. ಎಲ್ಲ ಪ್ರತಿಗಳಲ್ಲೂ ಒಂದೇ ಹೆಸರು ಇರಬೇಕು. ಅದೂ ಒಂದೆರಡು ಸರ್ವರ್ ನಡುವೆಯೇ ಕೈಕೊಟ್ಟರೂ!

ಇದಕ್ಕೆ ಲ್ಯಾಂಪೋರ್ಟ್ ಇನ್ನೊಂದು ಕಥೆ ಕಟ್ಟಿದರು. ಗ್ರೀಸ್ ದೇಶದ ಪಕ್ಕದ ಸಮುದ್ರದಲ್ಲಿ ಪ್ಯಾಕ್ಸೋಸ್ ಎಂಬ ಪುಟ್ಟ ದ್ವೀಪವಿದೆ. ಪ್ರಾಚೀನ ಕಾಲದಲ್ಲಿ ಅಲ್ಲೊಂದು ಶಾಸನಸಭೆ ಇತ್ತು ಎಂದು ಅವರು ಕಲ್ಪಿಸಿದರು. ಅಲ್ಲಿನ ಸದಸ್ಯರಿಗೆ ಸಭೆ ಪೂರ್ತಿ ಕೂರುವ ವ್ಯವಧಾನವಿಲ್ಲ. ವ್ಯಾಪಾರ ನೆನಪಾದರೆ ಎದ್ದು ಹೋಗುತ್ತಾರೆ, ಮನಸ್ಸಾದಾಗ ಬರುತ್ತಾರೆ. ಚೀಟಿ ಒಯ್ಯುವ ಆಳುಗಳೂ ಅಷ್ಟೇ, ಕೆಲವೊಮ್ಮೆ ಚೀಟಿ ತಲುಪಿಸುವುದನ್ನೇ ಮರೆಯುತ್ತಾರೆ. ಪ್ರತಿಯೊಬ್ಬ ಸದಸ್ಯನ ಬಳಿಯೂ ಒಂದು ದಫ್ತರ, ಅಳಿಸಲಾಗದ ಶಾಯಿ. ಯಾವ ಇಬ್ಬರ ದಫ್ತರದಲ್ಲೂ ಒಂದೇ ಕಾನೂನು ಬೇರೆ ಬೇರೆಯಾಗಿ ಬರೆದಿರಬಾರದು. ಎದ್ದುಹೋಗುವ ಸದಸ್ಯರು ಯಾರೆಂದು ನಿಮಗೆ ಆಗಲೇ ಹೊಳೆದಿರಬೇಕು. ಲ್ಯಾಂಪೋರ್ಟ್ ಈ ಬಗ್ಗೆ ಭಾಷಣ ಮಾಡುವಾಗ ಟೋಪಿ ಹಾಕಿಕೊಂಡು, ಸಿನಿಮಾದ ಪುರಾತತ್ವ ಶೋಧಕನ ವೇಷದಲ್ಲಿ ಬರುತ್ತಿದ್ದರು. 1990ರಲ್ಲಿ ಪ್ರಬಂಧ ಕಳಿಸಿದಾಗ, ದ್ವೀಪದ ಕಥೆಯನ್ನೆಲ್ಲ ತೆಗೆಯಿರಿ ಎಂದು ಪರಿಶೀಲಕರು ಹೇಳಿದರು. ಅವರು ತೆಗೆಯಲಿಲ್ಲ. ಅದು ಅಚ್ಚಾದದ್ದು 1998ರಲ್ಲಿ. ಲ್ಯಾಂಪೋರ್ಟ್ ಅವರಿಗೆ 2013ನೇ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಬಂತು, ಕಂಪ್ಯೂಟರ್ ವಿಜ್ಞಾನದಲ್ಲಿ ಅದಕ್ಕಿಂತ ದೊಡ್ಡ ಗೌರವವಿಲ್ಲ. ಕಥೆ ಬಿಡದಿದ್ದದ್ದು ಒಳ್ಳೆಯದೇ ಆಯಿತು ಎಂದು ನನ್ನ ಅಭಿಪ್ರಾಯ.

ಆ ದ್ವೀಪದ ಕಾನೂನಿನ ಹೃದಯ ಬಹುಮತದಲ್ಲಿದೆ. ಎಲ್ಲರೂ ಹಾಜರಿರಬೇಕಿಲ್ಲ, ಅರ್ಧಕ್ಕಿಂತ ಹೆಚ್ಚು ಜನ ಒಪ್ಪಿದರೆ ಸಾಕು. ಇದರಲ್ಲೇನು ವಿಶೇಷ ಎನ್ನಿಸಿತೇ? ನಿಮ್ಮ ಬಲಗೈ ಚಾಚಿ. ಐದು ಬೆರಳು ಐದು ಸರ್ವರ್ ಎಂದುಕೊಳ್ಳಿ. ಎಡಗೈಯಿಂದ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಮೂರನ್ನೂ ಹಿಡಿಯಿರಿ. ಈಗ ಈ ಮೂರನ್ನೂ ಬಿಟ್ಟು ಬೇರೆಯೇ ಮೂರು ಬೆರಳು ಆರಿಸಿ ನೋಡೋಣ. ಆಗುವುದಿಲ್ಲ, ಉಳಿದದ್ದು ಉಂಗುರದ ಬೆರಳು, ಕಿರುಬೆರಳು ಎರಡೇ. ಮೂರನೆಯದಕ್ಕೆ ಹಿಡಿದ ಬೆರಳುಗಳಲ್ಲೇ ಒಂದನ್ನು ಸೇರಿಸಿಕೊಳ್ಳಬೇಕು. ಐದರಲ್ಲಿ ಮೂರರ ಗುಂಪು ಹೇಗೇ ಮಾಡಿ, ಯಾವ ಎರಡು ಗುಂಪು ತೆಗೆದುಕೊಂಡರೂ ಒಬ್ಬನಾದರೂ ಎರಡರಲ್ಲೂ ಇರುತ್ತಾನೆ. ಅವನೇ ನಮ್ಮ ಸಾಕ್ಷಿ.

ಸಾಕ್ಷಿಯ ಕೆಲಸವನ್ನು ಬೆರಳುಗಳಲ್ಲೇ ನೋಡಿ. ಇದಕ್ಕೆ ರಾಫ್ಟ್ ಎಂಬ ಇನ್ನೊಂದು ಪದ್ಧತಿಯನ್ನು ತೆಗೆದುಕೊಳ್ಳುತ್ತೇನೆ. ಪ್ಯಾಕ್ಸೋಸ್ ಪದ್ಧತಿ ಅರ್ಥವಾಗುವುದು ಕಷ್ಟ ಎಂದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡಿಯೇಗೊ ಓಂಗಾರೊ ಮತ್ತು ಜಾನ್ ಔಸ್ಟರ್‌ಹೌಟ್ 2014ರಲ್ಲಿ ಇದನ್ನು ಪ್ರಕಟಿಸಿದರು. ಕಲಿಯುವವರಿಗೆ ಅರ್ಥವಾಗಬೇಕು ಎಂಬುದೇ ಅವರ ಮುಖ್ಯ ಗುರಿ. 43 ವಿದ್ಯಾರ್ಥಿಗಳಿಗೆ ಎರಡೂ ಪದ್ಧತಿ ಕಲಿಸಿ ಪರೀಕ್ಷೆ ಇಟ್ಟರು, 33 ಜನ ರಾಫ್ಟ್‌ನಲ್ಲಿ ಹೆಚ್ಚು ಅಂಕ ತೆಗೆದರು.

ರಾಫ್ಟ್‌ನಲ್ಲಿ ಒಬ್ಬ ನಾಯಕ ಇರುತ್ತಾನೆ, ಅದು ಹೆಬ್ಬೆರಳು ಎಂದುಕೊಳ್ಳೋಣ. ಅಜ್ಜಿಯ ಕೋರಿಕೆ ಹೆಬ್ಬೆರಳಿಗೆ ಬಂತು. ಅದು ‘ಸೀಟು ಅಜ್ಜಿಗೆ’ ಎಂದು ತಾನು ಬರೆದುಕೊಂಡು ಉಳಿದವರಿಗೂ ಹೇಳಿ ಕಳಿಸಿತು. ತೋರುಬೆರಳು, ಮಧ್ಯದ ಬೆರಳು ಬರೆದುಕೊಂಡು ‘ಆಯಿತು’ ಎಂದವು. ಉಳಿದೆರಡಕ್ಕೆ ಸುದ್ದಿ ಮುಟ್ಟಲಿಲ್ಲ. ಮೂರಾಯಿತಲ್ಲ, ಟಿಕೆಟ್ ಖಾತ್ರಿ, ಅಜ್ಜಿಯ ಫೋನಿಗೆ ಸಂದೇಶ ಹೋಯಿತು. ಅಷ್ಟರಲ್ಲಿ ಹೆಬ್ಬೆರಳು, ತೋರುಬೆರಳು ಎರಡೂ ಸತ್ತವು. ಅವನ್ನು ಮಡಚಿಬಿಡಿ.

ನಾಯಕ ಬದುಕಿರುವಷ್ಟು ಹೊತ್ತು ‘ನಾನಿದ್ದೇನೆ, ನಾನಿದ್ದೇನೆ’ ಎಂದು ಪದೇ ಪದೇ ಸಂದೇಶ ಕಳಿಸುತ್ತಲೇ ಇರುತ್ತಾನೆ. ಅದು ನಿಂತರೆ ಉಳಿದವರು ಸ್ವಲ್ಪ ಕಾದು ಚುನಾವಣೆಗೆ ನಿಲ್ಲುತ್ತಾರೆ. ಎಲ್ಲರೂ ಒಟ್ಟಿಗೇ ಎದ್ದು ನಿಂತರೆ ಮತ ಹಂಚಿಹೋಗಿ ಯಾರೂ ಗೆಲ್ಲುವುದಿಲ್ಲ. ಅದಕ್ಕೆ ಪ್ರತಿಯೊಬ್ಬನೂ ಎಷ್ಟು ಕಾಯಬೇಕು ಎಂಬುದನ್ನು ಅದೃಷ್ಟದ ಚೀಟಿ ಎತ್ತಿದಂತೆ ತೀರ್ಮಾನಿಸುತ್ತಾನೆ. ಪ್ರಬಂಧದಲ್ಲಿ ಸೂಚಿಸಿರುವುದು ಸೆಕೆಂಡಿನ ಸಾವಿರದಲ್ಲಿ 150ರಿಂದ 300 ಭಾಗದ ನಡುವೆ ಯಾವುದೋ ಒಂದು. ಯಾರದು ಮೊದಲು ಮುಗಿಯುತ್ತದೋ ಅವರು ಮತ ಕೇಳುತ್ತಾರೆ. ನೀವು ಕಣ್ಣು ಮಿಟುಕಿಸುವಷ್ಟರಲ್ಲಿ ಇಲ್ಲೊಂದು ಚುನಾವಣೆ ಮುಗಿದಿರಬಹುದು.

ಈಗ ಕಿರುಬೆರಳು ಮತ ಕೇಳಿತು. ಗೆಲ್ಲಲು ಅದಕ್ಕೆ ಮೂರು ಮತ ಬೇಕು, ಸತ್ತವರು ಸೇರಿ ಒಟ್ಟು ಐವರೆಂದೇ ಲೆಕ್ಕ. ತನ್ನದೊಂದು, ಉಂಗುರದ ಬೆರಳಿನದೊಂದು ಸಿಕ್ಕಿತು. ಮಧ್ಯದ ಬೆರಳು ಕೊಡುವುದಿಲ್ಲ! ‘ನನ್ನಲ್ಲಿ ಬರೆದಿರುವುದು ನಿನ್ನಲ್ಲಿಲ್ಲ, ನಿನಗೆ ನನ್ನ ಮತವಿಲ್ಲ’ ಎನ್ನುತ್ತದೆ. ಮತ ಕೇಳುವವನ ದಫ್ತರ ತನ್ನದಕ್ಕಿಂತ ಹಿಂದೆ ಬಿದ್ದಿದ್ದರೆ ಮತ ಹಾಕಬಾರದು ಎಂಬುದು ರಾಫ್ಟ್‌ನ ನಿಯಮ. ಉಂಗುರದ ಬೆರಳು ನಿಂತರೂ ಇದೇ ಗತಿ. ಕೊನೆಗೆ ಮಧ್ಯದ ಬೆರಳು ತಾನೇ ನಿಲ್ಲುತ್ತದೆ, ಮೂರು ಮತ ಪಡೆದು ಗೆಲ್ಲುತ್ತದೆ, ‘ಸೀಟು ಅಜ್ಜಿಗೆ’ ಎಂಬುದನ್ನು ಉಳಿದಿಬ್ಬರಿಗೂ ಬರೆಸುತ್ತದೆ. ಇಬ್ಬರು ಸತ್ತರೂ ಅಜ್ಜಿಯ ಸೀಟು ಎಲ್ಲಿಯೂ ಹೋಗಲಿಲ್ಲ.

ಹೆಬ್ಬೆರಳು ನಿಜಕ್ಕೂ ಸತ್ತಿರಲಿಲ್ಲ, ಅದರ ಕೇಬಲ್ ಮಾತ್ರ ಕಿತ್ತುಹೋಗಿತ್ತು ಎಂದುಕೊಳ್ಳಿ. ಅದು ಇನ್ನೂ ತಾನೇ ನಾಯಕ ಎಂದೇ ನಂಬಿಕೊಂಡು ವಾಪಸು ಬರುತ್ತದೆ. ಪ್ರತಿ ಚುನಾವಣೆಗೂ ಒಂದು ಕ್ರಮಸಂಖ್ಯೆ ಇರುತ್ತದೆ, ಹೊಸದಕ್ಕೆ ಹಿಂದಿನದಕ್ಕಿಂತ ದೊಡ್ಡದು. ದೊಡ್ಡ ಸಂಖ್ಯೆ ಕಂಡ ಕೂಡಲೇ ಹಳೆಯ ನಾಯಕ ಮರುಮಾತಿಲ್ಲದೆ ಕೆಳಗಿಳಿಯುತ್ತಾನೆ.

ಇಲ್ಲಿ ಒಂದು ಕಠಿಣವಾದ ಸತ್ಯ ಅಡಗಿದೆ. ಉತ್ತರ ಬರದಿದ್ದಾಗ ಆ ಕಡೆಯ ಕಂಪ್ಯೂಟರ್ ಸತ್ತಿದೆಯೋ, ನಿಧಾನವಾಗಿದೆಯೋ, ದಾರಿಯೇ ಮುಚ್ಚಿದೆಯೋ ಎಂಬುದನ್ನು ಈ ಕಡೆಯಿಂದ ತಿಳಿಯಲು ಸಾಧ್ಯವಿಲ್ಲ. ಮೈಕೆಲ್ ಫಿಶರ್, ನ್ಯಾನ್ಸಿ ಲಿಂಚ್, ಮೈಕೆಲ್ ಪ್ಯಾಟರ್ಸನ್ ಎಂಬ ಮೂವರು ವಿಜ್ಞಾನಿಗಳು 1985ರಲ್ಲಿ ಇದರ ಪರಿಣಾಮವನ್ನು ಗಣಿತದಿಂದ ಸಾಧಿಸಿ ತೋರಿಸಿದರು. ಸಂದೇಶ ಎಷ್ಟು ಬೇಕಾದರೂ ತಡವಾಗಬಹುದು, ಒಂದು ಕಂಪ್ಯೂಟರ್ ಸಾಯಲೂಬಹುದು ಎನ್ನುವ ಲೋಕದಲ್ಲಿ, ಚೀಟಿ ಎತ್ತದೆ ಗೊತ್ತಾದ ಹೆಜ್ಜೆಗಳಲ್ಲೇ ನಡೆಯುವ ಯಾವ ಪದ್ಧತಿಯೂ ‘ಯಾವಾಗಲೂ ತೀರ್ಮಾನಕ್ಕೆ ಬಂದೇ ಬರುತ್ತೇನೆ’ ಎಂದು ಭಾಷೆ ಕೊಡಲಾರದು. ಹಾಗಾಗಿ ರಾಫ್ಟ್ ಮತ್ತು ಪ್ಯಾಕ್ಸೋಸ್ ಎರಡೂ ಕೊಡುವ ಭಾಷೆ ಬೇರೆ: ತಡವಾಗಬಹುದು, ತಪ್ಪಾಗುವುದಿಲ್ಲ. ಬಹುಮತ ಸಿಗದ ಕಡೆ ಅವು ಸುಮ್ಮನಾಗಿಬಿಡುತ್ತವೆ. ಐದರಲ್ಲಿ ಮೂರು ಸತ್ತರೆ ಉಳಿದಿಬ್ಬರು ಚೆನ್ನಾಗಿಯೇ ಇದ್ದರೂ ಹೊಸದೇನನ್ನೂ ಬರೆದುಕೊಳ್ಳುವುದಿಲ್ಲ. ನೋಡುವವರಿಗೆ ಕಂಪ್ಯೂಟರ್ ಕೆಟ್ಟಿದೆ ಎನ್ನಿಸುತ್ತದೆ. ನನಗೆ ಇದು ಅದರ ಪ್ರಾಮಾಣಿಕತೆ ಎನ್ನಿಸುತ್ತದೆ.

ಸುಮ್ಮನಾಗದಿದ್ದರೆ ಏನಾಗುತ್ತದೆ ಎಂಬುದಕ್ಕೆ 2018ರ ಒಂದು ಘಟನೆ ಇದೆ. ಪ್ರಪಂಚದ ಲಕ್ಷಾಂತರ ಜನ ತಾವು ಬರೆದ ಪ್ರೋಗ್ರಾಮುಗಳನ್ನು ಗಿಟ್‌ಹಬ್ ಎಂಬ ಕಡೆ ಇಟ್ಟಿರುತ್ತಾರೆ. ಆ ವರ್ಷದ ಅಕ್ಟೋಬರ್ 21ರಂದು ಅಮೆರಿಕದ ಪೂರ್ವ ಕರಾವಳಿಯಲ್ಲಿ ಕೆಡುತ್ತಿದ್ದ ಉಪಕರಣ ಬದಲಿಸುವಾಗ ಅವರ ಮುಖ್ಯ ಸರ್ವರ್ ಕೇಂದ್ರದ ಸಂಪರ್ಕ 43 ಸೆಕೆಂಡು ಕಡಿದುಹೋಯಿತು. 43 ಸೆಕೆಂಡು ಅಷ್ಟೇ. ಹೊರಗೆ ಉಳಿದ ಕಂಪ್ಯೂಟರುಗಳು ಬಹುಮತ ಕೂಡಿಸಿಕೊಂಡು, ಪಶ್ಚಿಮ ಕರಾವಳಿಯ ಸರ್ವರುಗಳನ್ನು ಹೊಸ ಮುಖ್ಯಸ್ಥರನ್ನಾಗಿ ಮಾಡಿದವು. ಆ ಚುನಾವಣೆ ರಾಫ್ಟ್ ಪದ್ಧತಿಯಲ್ಲೇ ನಡೆದಿತ್ತು, ಸರಿಯಾಗಿಯೇ ನಡೆದಿತ್ತು. ದಫ್ತರ ಬರೆಯುವ ಕ್ರಮ ಮಾತ್ರ ಹಾಗಿರಲಿಲ್ಲ. ಪೂರ್ವದಲ್ಲಿ ಬರೆದದ್ದು ಪಶ್ಚಿಮಕ್ಕೆ ಮುಟ್ಟುವ ಮೊದಲೇ ‘ಆಯಿತು’ ಎಂದು ಒಪ್ಪಿಕೊಳ್ಳುತ್ತಿದ್ದರು. ಹಾಗಾಗಿ ಪೂರ್ವದ ದಫ್ತರದಲ್ಲಿ ಪಶ್ಚಿಮಕ್ಕೆ ಗೊತ್ತಿಲ್ಲದ ಕೆಲವು ಸಾಲು ಉಳಿದವು, ಪಶ್ಚಿಮದಲ್ಲಿ ಹೊಸ ಸಾಲು ಸೇರುತ್ತಾ ಹೋದವು. ತುಂಬ ಕೆಲಸವಿರುವ ಒಂದು ಗುಂಪಿನಲ್ಲೇ ಹೀಗೆ ಅನಾಥವಾದ ಸಾಲುಗಳು 954. ಯಾರ ಒಂದು ಸಾಲೂ ಕಳೆಯಬಾರದು ಎಂದು ಎಂಜಿನಿಯರುಗಳು ನಿಧಾನವಾಗಿಯೇ ಸರಿಮಾಡಿದರು. ಎಲ್ಲ ಮೊದಲಿನಂತಾಗಲು 24 ಗಂಟೆ 11 ನಿಮಿಷ ಹಿಡಿಯಿತು.

ನಿಮಗೊಂದು ಕೆಲಸ ಕೊಡುತ್ತೇನೆ. ಮೂರು ಸರ್ವರ್ ಇದ್ದರೆ ಎಷ್ಟು ಸತ್ತರೂ ಬಹುಮತ ಉಳಿಯುತ್ತದೆ? ನಾಲ್ಕಿದ್ದರೆ? ಐದು, ಆರು, ಏಳಿದ್ದರೆ? ಇವಾವುವೂ ಸುಳ್ಳು ಹೇಳುವವಲ್ಲ, ಸುಮ್ಮನೆ ನಿಂತುಹೋಗುವವು, ಅದನ್ನು ನೆನಪಿಡಿ. ಹಾಳೆಯಲ್ಲಿ ಬರೆದು ಲೆಕ್ಕ ಹಾಕಿ. ಮೂರಕ್ಕೂ ನಾಲ್ಕಕ್ಕೂ ಒಂದೇ ಉತ್ತರ, ಐದಕ್ಕೂ ಆರಕ್ಕೂ ಒಂದೇ ಉತ್ತರ ಬಂದರೆ ನಿಮ್ಮ ಲೆಕ್ಕ ಸರಿ. ದೊಡ್ಡ ದೊಡ್ಡ ಕಂಪನಿಗಳು ಇಂಥ ಸರ್ವರುಗಳನ್ನು ಹೆಚ್ಚಾಗಿ ಮೂರು, ಐದು, ಏಳು ಎಂದು ಬೆಸ ಸಂಖ್ಯೆಯಲ್ಲೇ ಇಡುವುದು ಇದೇ ಕಾರಣಕ್ಕೆ.